ಸ್ವಿಫ್ಟ್ ಸಾಹೇಬನ ವಿನಯ

ಕಾಲೇಜು ಹುಡುಗರ ಇಂಗ್ಲಿಷ್ ಪಠ್ಯ ತೆರೆದು ನೋಡಿ, ಸಾಲುಗಳ ನೆತ್ತಿಯ ಮೇಲೆಲ್ಲ ಪೆನ್ಸಿಲ್ಲಿನ ಸಣ್ಣಕ್ಷರದ ಕನ್ನಡ. ಪಾಠ ಮುಗಿಯುವ ಹೊತ್ತಿಗೆ ಪ್ರತಿ ಪದಕ್ಕೂ ಅರ್ಥ ಸಿಕ್ಕಿರುತ್ತದೆ. ಬರೆದವನು ನಗುತ್ತ ಬರೆದನೋ, ಹಲ್ಲು ಕಡಿಯುತ್ತ ಬರೆದನೋ ಎಂಬುದು ಮಾತ್ರ ಯಾವ ಅಂಚಿನಲ್ಲೂ ಇರುವುದಿಲ್ಲ.

ಜೊನಾಥನ್ ಸ್ವಿಫ್ಟ್‌ನ ‘ಎ ಮಾಡೆಸ್ಟ್ ಪ್ರಪೋಸಲ್’ ಅನ್ನು ಹೀಗೆ ಓದಿದರೆ ದೇವರೇ ಗತಿ. 1729ರಲ್ಲಿ ಬಂದ ಆ ಬರಹ ಐರ್ಲೆಂಡಿನ ಬಡತನಕ್ಕೆ ಸೂಚಿಸುವ ಮದ್ದು ಏನೆಂದರೆ, ಬಡವರ ಒಂದು ವರ್ಷದ ಕೂಸುಗಳನ್ನು ಉಳ್ಳವರ ಊಟಕ್ಕೆ ಮಾರುವುದು! ವರ್ಷಕ್ಕೆ 1,20,000 ಮಕ್ಕಳು, ಅದರಲ್ಲಿ 20,000 ಸಂತಾನಕ್ಕೆ, ಮಿಕ್ಕ ಲಕ್ಷ ಮಾರಾಟಕ್ಕೆ ಎಂದು ಶಾನುಭೋಗರ ಲೆಕ್ಕ. ಚರ್ಮದಲ್ಲಿ ಹೆಂಗಸರಿಗೆ ಕೈಗವಸು, ಗಂಡಸರಿಗೆ ಬೇಸಿಗೆಯ ಬೂಟು. ಕೊನೆಗೆ, ಇದರಲ್ಲಿ ನನ್ನ ಲಾಭವೇನಿಲ್ಲ, ನನ್ನ ಕಿರಿಯ ಮಗುವಿಗೇ ಒಂಬತ್ತು ವರ್ಷ ಎಂಬ ವಿನಯ ಬೇರೆ. ಡಬ್ಲಿನ್ನಿನ ಕೆಥೀಡ್ರಲ್‌ನ ಡೀನ್ ಆಗಿದ್ದ ಮನುಷ್ಯನ ಸಿಟ್ಟೆಲ್ಲ ಆ ವಿನಯದೊಳಗೇ ಕುದಿಯುತ್ತಿದೆ. ಜಮೀನ್ದಾರರು ತಂದೆತಾಯಿಗಳನ್ನು ಆಗಲೇ ತಿಂದಿದ್ದಾರೆ, ಮಕ್ಕಳ ಮೇಲೂ ಅವರಿಗೇ ಹೆಚ್ಚಿನ ಹಕ್ಕು ಎಂದು ನಡುವೆ ಒಮ್ಮೆ ಕುಟುಕಿಯೂ ಬಿಡುತ್ತಾನೆ.

ಇದನ್ನು ಹಿಡಿಯುವ ಕಿವಿ ನಮ್ಮ ಹುಡುಗರಿಗಿಲ್ಲವೇ? ಧಾರಾಳವಾಗಿದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆದ ತಾಯಿ ‘ಏನು ಮಹಾರಾಯರು, ಇಷ್ಟು ಬೇಗ ಬಂದ್ಬಿಟ್ರಿ!’ ಎಂದರೆ ಮರ್ಯಾದೆ ಸಿಕ್ಕಿತೆಂದು ಯಾವ ಮಗನೂ ಹಿಗ್ಗುವುದಿಲ್ಲ. ತೆಪ್ಪಗೆ ತಟ್ಟೆ ಹಾಕಿಕೊಳ್ಳುತ್ತಾನೆ. ಅದೇ ಮಗ ಇಂಗ್ಲಿಷ್ ಪುಸ್ತಕ ಹಿಡಿದ ಕೂಡಲೇ ಕಿವುಡ. ಗೈಡಿನಲ್ಲಿ ‘ಟೋನ್: ವ್ಯಂಗ್ಯ’ ಎಂದು ಅಚ್ಚಾಗಿರುತ್ತದೆ, ಅಂಕಕ್ಕೆ ಅಷ್ಟು ಸಾಕು.

ಪ್ರಬಂಧದ ಬಗೆಗಳ ಪಾಡೂ ಇದೇ. ನಿರೂಪಣೆ, ವರ್ಣನೆ, ವಿವರಣೆ, ವಾದ ಎಂದು ನಾಲ್ಕು ಹೆಸರು ಬಾಯಿಪಾಠ. ಸ್ವಿಫ್ಟ್ ವಾದದ ವೇಷ ತೊಟ್ಟು ವಾದವನ್ನೇ ಅಣಕಿಸುತ್ತಾನೆ. ‘ಈಲಿಯಾ’ ಎಂಬ ಹೆಸರಿನ ಮರೆಯಲ್ಲಿ ಹರಟಿದ ಚಾರ್ಲ್ಸ್ ಲ್ಯಾಂಬ್ ಯಾವ ಖಾನೆಗೂ ಸಿಕ್ಕುವ ಆಸಾಮಿಯಲ್ಲ. ನಮ್ಮ ಎ.ಎನ್. ಮೂರ್ತಿರಾಯರು ಮೈಸೂರಿನಲ್ಲಿ ಕಲಿಸಿದ್ದು ಇಂಗ್ಲಿಷ್, ಬರೆದದ್ದು ಕನ್ನಡದ ‘ಹಗಲುಗನಸುಗಳು’. ಪಟ್ಟಿ ಉರುಹೊಡೆದು ಅಂಥ ಬರಹ ಹುಟ್ಟುವುದಿಲ್ಲ.

ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಅರ್ಥ ಬರೆಸುವ ಮೊದಲು ಸ್ವಿಫ್ಟ್‌ನ ಆ ಲೆಕ್ಕದ ಭಾಗವನ್ನು ನಗದೆ, ಅವಸರಪಡದೆ, ತರಗತಿಗೆ ಕೇಳುವಂತೆ ಒಮ್ಮೆ ಗಟ್ಟಿಯಾಗಿ ಓದಿ. ಗೈಡನ್ನು ಆಮೇಲೆ ತೆರೆದರೂ ನಡೆಯುತ್ತದೆ.