'ಸೂಪರ್ ಮಗಾ' ಅಂದ್ರೆ ಸಾಕಾ?

ನಮ್ಮ ಕ್ಯಾಂಪಸ್ಸಿನಲ್ಲಿ ಯಾರಾದ್ರೂ ತಾವು ತೆಗೆದ ಫೋಟೋ ತೋರಿಸಿದ್ರೆ ಸಿಗೋ ಉತ್ತರಗಳು ಮೂರೇ ಮೂರು. ಒಂದು, "ಸೂಪರ್ ಮಗಾ!" ಎರಡು, "ಯಾವ ಫೋನು?" ಮೂರನೆಯದು ಉತ್ತರವೇ ಅಲ್ಲ, ಏನೂ ಹೇಳದೆ ಫೋನನ್ನು ವಾಪಸ್ ಕೈಗೆ ಕೊಡೋದು. ಈ ಮೂರರಲ್ಲಿ ಯಾವುದು ಸಿಕ್ಕಿದರೂ ಫೋಟೋ ತೆಗೆದವರಿಗೆ ಮುಂದಿನ ಸಲ ಏನು ಮಾಡಬೇಕು ಅಂತ ಗೊತ್ತಾಗಲ್ಲ. ಸೂಪರ್ ಅಂದ್ರೆ ಯಾವುದು ಸೂಪರ್? ಬೆಳಕಾ, ಬಣ್ಣಾನಾ, ಇಲ್ಲಾ ಫೋಟೋದಲ್ಲಿರೋ ನಾಯಿಮರಿನಾ?

ನಮ್ಮ ಕನ್ನಡ ಸಂಘದಲ್ಲಿ ಫೋಟೋ ಹುಚ್ಚು ಹಿಡಿದೋರು ಹತ್ತು ಹನ್ನೆರಡು ಜನ ಇದ್ದೀವಿ. ಶನಿವಾರ ಲ್ಯಾಬ್ ಮುಗಿದ ಮೇಲೆ ಖಾಲಿ ಕ್ಲಾಸೊಂದರಲ್ಲಿ ಪ್ರೊಜೆಕ್ಟರ್ ಹಾಕ್ಕೊಂಡು ಕೂತ್ಕೋತೀವಿ. ಸರಿಯಾದ ಕ್ಯಾಮೆರಾ ಇರೋದು ಇಬ್ಬರ ಹತ್ರ ಮಾತ್ರ, ಉಳಿದೋರದ್ದೆಲ್ಲ ಫೋನೇ. ಒಬ್ಬರ ಫೋಟೋ ಪರದೆ ಮೇಲೆ ಬರುತ್ತೆ, ಮಿಕ್ಕವರು ನೋಡ್ತೀವಿ, ಆಮೇಲೆ ಮಾತಾಡ್ತೀವಿ. ಇಷ್ಟೇ ನಮ್ಮ ಕಾರ್ಯಕ್ರಮ. ಈ ಮಾತಾಡೋದು ಹೇಗೆ ಅನ್ನೋದನ್ನೇ ಇಲ್ಲಿ ಬರೆಯೋಣ ಅಂತ.

ಸಂಘದ ಕೂಟ ಆದ್ದರಿಂದ ಕನ್ನಡದಲ್ಲೇ ಮಾತಾಡಬೇಕು ಅನ್ನೋ ನಿಯಮ ಇದೆ. ಅದರಿಂದ ನಮಗೆ ಯೋಚಿಸದೇ ಇದ್ದ ಒಂದು ಲಾಭ ಆಯ್ತು. 'ಕಂಪೋಸಿಷನ್ ವೀಕ್', 'ಲೈಟಿಂಗ್ ಫ್ಲ್ಯಾಟ್', 'ಮೂಡ್ ಮಿಸ್ಸಿಂಗ್' ಇಂಥ ರೆಡಿಮೇಡ್ ಮಾತುಗಳು ಕೇಳೋಕೆ ತುಂಬಾ ತಿಳಿದವರ ಮಾತಿನ ಹಾಗಿರುತ್ತವೆ. ಆದರೆ ಫೋಟೋವನ್ನು ಸರಿಯಾಗಿ ನೋಡದೆಯೂ ಅವನ್ನು ಹೇಳಿಬಿಡಬಹುದು. ಅದನ್ನೇ ಕನ್ನಡದಲ್ಲಿ ಹೇಳು ಅಂದಾಗ ಫೋಟೋವನ್ನು ಇನ್ನೊಂದು ಸಲ ನೋಡಲೇಬೇಕಾಗುತ್ತೆ. "ನನ್ನ ಕಣ್ಣು ಮೊದಲು ಆ ಹಳದಿ ಬಕೆಟ್ ಮೇಲೆ ಹೋಯ್ತು ಕಣೇ, ಅಜ್ಜಿ ಮುಖಕ್ಕೆ ಬರೋಷ್ಟರಲ್ಲಿ ತಡ ಆಯ್ತು." ಇಷ್ಟು ಹೇಳಿದರೆ ಸಾಕು. ಫೋಟೋ ತೆಗೆದವಳಿಗೆ ಎಲ್ಲಾ ಅರ್ಥ ಆಗುತ್ತೆ.

ಯಾಕಂದ್ರೆ ತೆಗೆಯೋವಾಗ ಅವಳಿಗೆ ಬಕೆಟ್ ಕಂಡೇ ಇರಲ್ಲ. ನಮ್ಮ ಮನಸ್ಸು ಬೇಕಾದ್ದನ್ನು ಮಾತ್ರ ಇಟ್ಟುಕೊಂಡು ಉಳಿದಿದ್ದನ್ನು ಅಳಿಸಿಬಿಡುತ್ತೆ. ಕ್ಯಾಮೆರಾಗೆ ಅಜ್ಜಿಯೂ ಒಂದೇ, ಬಕೆಟ್ಟೂ ಒಂದೇ, ತಲೆಯ ಹಿಂದೆ ಕೊಂಬಿನ ಹಾಗೆ ಎದ್ದಿರೋ ಲೈಟು ಕಂಬವೂ ಒಂದೇ. ತೆಗೆದವರಿಗೆ ತಮ್ಮ ಫೋಟೋವನ್ನು ಹೊಸಬರ ಕಣ್ಣಿಂದ ನೋಡೋದು ಕಷ್ಟ. ಆ ಹೊಸ ಕಣ್ಣನ್ನು ಎರಡು ನಿಮಿಷ ಸಾಲ ಕೊಡೋದೇ ಅಭಿಪ್ರಾಯ ಹೇಳೋದು ಅಂತ ನಾವು ಅಂದ್ಕೊಂಡಿದ್ದೀವಿ.

ಇದಕ್ಕೆ ನಾವು ಮಾಡಿಕೊಂಡಿರೋ ಪದ್ಧತಿ ತುಂಬಾ ಸರಳ. ಮೊದಲ ಅರ್ಧ ನಿಮಿಷ ಯಾರೂ ಮಾತಾಡಂಗಿಲ್ಲ, ತೆಗೆದವರೂ ಕೂಡ. "ಅಣ್ಣಾ, ಅಲ್ಲಿ ನಿಲ್ಲೋಕೆ ಜಾಗ ಇರ್ಲಿಲ್ಲ" ಅನ್ನೋ ವಿವರಣೆ ಆಮೇಲೆ. ಫೋಟೋ ಗೋಡೆ ಮೇಲೆ ಇದ್ದಾಗ ಪಕ್ಕದಲ್ಲಿ ನೀವು ನಿಂತ್ಕೊಂಡು ಎಲ್ಲರಿಗೂ ಕಥೆ ಹೇಳೋಕೆ ಆಗಲ್ಲವಲ್ಲ. ಎರಡನೆಯದು, ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಎಲ್ಲಿ ನಿಂತ್ಕೊಂಡ್ತು ಅನ್ನೋದನ್ನು ಇಬ್ಬರು ಮೂವರು ಹೇಳಬೇಕು. ಮೂರನೆಯದು, "ನೀನು ಏನು ತೋರಿಸ್ಬೇಕು ಅಂತಿದ್ದೆ?" ಅಂತ ಕೇಳಬೇಕು. ನಾವು ನೋಡಿದ್ದಕ್ಕೂ ಅವರು ತೋರಿಸಬೇಕು ಅಂದ್ಕೊಂಡಿದ್ದಕ್ಕೂ ಎಷ್ಟು ದೂರ ಇದೆಯೋ ಅಷ್ಟೇ ಕೆಲಸ ಬಾಕಿ. ಕೊನೆಯದು, ಮುಂದಿನ ಸಲಕ್ಕೆ ಒಂದೇ ಒಂದು ಕೆಲಸ ಹೇಳಬೇಕು. ಹತ್ತು ತಪ್ಪು ಕಂಡರೂ ಹೇಳೋದು ಒಂದೇ. ಹತ್ತು ಹೇಳಿದರೆ ಮನೆಗೆ ಹೋಗೋವಾಗ ಅವರ ತಲೆಯಲ್ಲಿ ಉಳಿಯೋದು 'ನನಗೆ ಫೋಟೋ ತೆಗೆಯೋಕೆ ಬರಲ್ಲ' ಅನ್ನೋ ಹನ್ನೊಂದನೆಯದು ಮಾತ್ರ.

ಹಾಗೆ ಹನ್ನೊಂದನೆಯದನ್ನು ಹೊತ್ಕೊಂಡು ಬಂದವನೊಬ್ಬ ನಮ್ಮಲ್ಲಿದ್ದಾನೆ. ಸಿವಿಲ್ ಎರಡನೇ ವರ್ಷ, ಊರು ಗುಳೇದಗುಡ್ಡ. ಖಣ ನೇಯೋ ಊರು ಅದು. ಅವನ ಅಜ್ಜ ಜೀವಮಾನ ಪೂರ್ತಿ ಕೈಮಗ್ಗದ ಮುಂದೆ ಕೂತವರು. ಈಗ ಕಣ್ಣು ಸರಿ ಕಾಣಲ್ಲ ಅಂತ ಬಿಟ್ಟಿದ್ದಾರೆ. ಬಾಗಿಲ ಹತ್ತಿರ ಕೂತಿದ್ದ ಅಜ್ಜನ ಫೋಟೋ ತೆಗೆದು ಇವನು ಒಂದು ಸ್ಪರ್ಧೆಗೆ ಕೊಟ್ಟಿದ್ದ. ಅಲ್ಲಿನ ತೀರ್ಪುಗಾರರೊಬ್ಬರು ಎಲ್ಲರೆದುರಿಗೇ "ಇಂಥವನ್ನೆಲ್ಲ ಯಾಕಪ್ಪಾ ತರ್ತೀರಾ? ಡಿಲೀಟ್ ಮಾಡು" ಅಂದುಬಿಟ್ಟರಂತೆ. ಅವನು ಡಿಲೀಟ್ ಮಾಡಿರಲಿಲ್ಲ. ಆದರೆ ಅವತ್ತಿಂದ ಫೋಟೋ ತೆಗೆಯೋದನ್ನೇ ಬಿಟ್ಟಿದ್ದ. ರೂಮ್‌ಮೇಟ್ ಎಳ್ಕೊಂಡು ಬಂದಿದ್ದಕ್ಕೆ ನಮ್ಮ ಶನಿವಾರಕ್ಕೆ ಬಂದ.

ಆ ಫೋಟೋ ಪರದೆ ಮೇಲೆ ಬಂತು. ಹಿಂದೆ ತೆರೆದ ಬಾಗಿಲು, ಬೆಳ್ಳಗೆ ಉರೀತಿರೋ ಬಿಸಿಲು. ಮುಂದೆ ಅಜ್ಜ, ಬರೀ ಕಪ್ಪು ಆಕಾರ. "ಕಣ್ಣು ಬಾಗಿಲಿಂದ ಆಚೆ ಬೀದಿಗೆ ಹೋಗ್ತಿದೆ" ಅಂದಳು ಒಬ್ಬಳು. "ಏನು ತೋರಿಸ್ಬೇಕು ಅಂತಿದ್ದೆ?" ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೈ ರೀ. ಲಾಳಿ ಆಡಿಸಿದ ಕೈ" ಅಂದ. ಕೈ ತೊಡೆ ಮೇಲಿತ್ತು, ಕತ್ತಲಲ್ಲಿ. ಯಾರಿಗೂ ಕಂಡಿರಲಿಲ್ಲ.

ಹೇಳಬೇಕಾಗಿದ್ದು ಒಂದೇ ಮಾತು. ಬಾಗಿಲು ಅಜ್ಜನ ಬೆನ್ನಿಗೆ ಬೇಡ, ನಿನ್ನ ಬೆನ್ನಿಗೆ ಇರಲಿ. ಅಜ್ಜ ಬಾಗಿಲ ಕಡೆ ಮುಖ ಮಾಡಿ ಕೂತರೆ ಅದೇ ಬೆಳಕು ಮುಖಕ್ಕೂ ಕೈಗೂ ಬೀಳುತ್ತೆ, ಹಿಂದಿನ ಗೋಡೆ ತಾನಾಗಿಯೇ ಕಪ್ಪಾಗುತ್ತೆ. ನೀನು ಒಂದು ಪಕ್ಕಕ್ಕೆ ಸರಿದು ನಿಂತ್ಕೋ, ನಿನ್ನ ನೆರಳೇ ಅಡ್ಡ ಆಗಬಾರದು. ಹೊಸ ಕ್ಯಾಮೆರಾ ಬೇಡ, ಲೆನ್ಸ್ ಬೇಡ. ದೀಪಾವಳಿ ರಜೆಗೆ ಊರಿಗೆ ಹೋಗಿ ಮತ್ತೆ ತೆಗೆದುಕೊಂಡು ಬಂದ. ಈ ಸಲ ಬೆರಳಿನ ಗಂಟುಗಳು, ಉಗುರಿನ ಅಂಚು, ಎಲ್ಲಾ ಕಾಣ್ತಿತ್ತು. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ ಅಜ್ಜ "ಕೈ ಇನ್ನೂ ಹಂಗ ಅದಾವ ನೋಡು" ಅಂದ್ರಂತೆ.

ಅವನಿಗೆ ನಾವು ಧೈರ್ಯ ಹೇಳಲಿಲ್ಲ, ಬೆನ್ನು ತಟ್ಟಲೂ ಇಲ್ಲ. ಕಾರಣ ಹೇಳಿದೆವು ಅಷ್ಟೇ. ಎಂಜಿನಿಯರಿಂಗ್ ಓದೋ ನಮಗೆ ಇದು ಹೊಸದೇನಲ್ಲ. ಸರ್ಕ್ಯೂಟ್ ಕೆಲಸ ಮಾಡದಿದ್ದರೆ 'ಚೆನ್ನಾಗಿಲ್ಲ' ಅಂತ ಯಾರೂ ಅನ್ನಲ್ಲ, ಎಲ್ಲಿ ತಂತಿ ಬಿಟ್ಟಿದೆ ಅಂತ ಹುಡುಕ್ತೀವಿ. ಫೋಟೋದಲ್ಲೂ ಅರ್ಧಕ್ಕರ್ಧ ತೊಂದರೆಗಳಿಗೆ ಹಾಗೆ ಕಾರಣ ಸಿಗುತ್ತೆ. ಸುಣ್ಣ ಬಳಿದ ಬಿಳಿ ಗೋಡೆ ಫೋಟೋದಲ್ಲಿ ಬೂದಿ ಬಣ್ಣ, ಕಪ್ಪು ಎಮ್ಮೆಯೂ ಬೂದಿ ಬಣ್ಣ. ಯಾಕೆ? ಕ್ಯಾಮೆರಾ ತನ್ನೆದುರಿಗೆ ಇರೋದನ್ನೆಲ್ಲ ನಡುವಿನ ಬೂದಿ ಬಣ್ಣ ಅಂತಲೇ ಲೆಕ್ಕ ಹಾಕಿ ಬೆಳಕು ಹೊಂದಿಸುತ್ತೆ. ಫೋನಿನಲ್ಲಿ ಗೋಡೆಯನ್ನು ಮುಟ್ಟಿ ಬೆಳಕನ್ನು ಸ್ವಲ್ಪ ಏರಿಸಬೇಕು, ಎಮ್ಮೆಗೆ ಇಳಿಸಬೇಕು. ಗೆಳತಿಯ ಮೂಗು ದೊಡ್ಡದಾಗಿ ಬಂತಾ? ಅದು ಮೂಗಿನ ತಪ್ಪಲ್ಲ, ಒಂದಡಿ ದೂರದಿಂದ ತೆಗೆದಿದ್ದರ ತಪ್ಪು. ನಾಲ್ಕೈದು ಹೆಜ್ಜೆ ಹಿಂದೆ ಹೋಗಿ ಜೂಮ್ ಮಾಡಿದರೆ ಸರಿಹೋಗುತ್ತೆ. ರಾತ್ರಿ ಯಕ್ಷಗಾನದ ಫೋಟೋದಲ್ಲಿ ವೇಷದ ಕೈ ಹೊಗೆಯ ಹಾಗೆ ಕಲಸಿಹೋಗಿದೆಯಾ? ಬೆಳಕು ಕಮ್ಮಿ ಇದ್ದಾಗ ಫೋನು ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟಿರುತ್ತೆ, ಅಷ್ಟರಲ್ಲಿ ಕೈ ಸರಿದಿರುತ್ತೆ. ಕುಣಿತದ ಮಧ್ಯೆ ವೇಷ ಒಂದು ಗಳಿಗೆ ನಿಲ್ಲುತ್ತಲ್ಲ, ಆಗ ಒತ್ತಬೇಕು.

ಹೊಗಳೋದಕ್ಕೂ ಇದೇ ನಿಯಮ. "ಚೆನ್ನಾಗಿದೆ" ಅಂದ ಮೇಲೆ "ಯಾಕಂದ್ರೆ" ಅನ್ನೋದು ಬರಲೇಬೇಕು. ಕಾರಣ ಗೊತ್ತಿಲ್ಲದೆ ಚೆನ್ನಾಗಿ ಬಂದ ಫೋಟೋವನ್ನು ಇನ್ನೊಂದು ಸಲ ತೆಗೆಯೋಕೆ ಬರಲ್ಲ.

ಹಾಗಂತ ಎಲ್ಲದಕ್ಕೂ ನಿಯಮ ಹಿಡ್ಕೊಂಡು ಹೋಗೋಕಾಗಲ್ಲ. ಚೌಕಟ್ಟನ್ನು ಮೂರು ಭಾಗ ಮಾಡಿ ಗೆರೆ ಮೇಲೇ ವಸ್ತು ಇರಬೇಕು ಅನ್ನೋದನ್ನು ಹೊಸದಾಗಿ ಕಲಿತವರು ಟ್ರಾಫಿಕ್ ಪೊಲೀಸರ ಹಾಗೆ ಎಲ್ಲರಿಗೂ ದಂಡ ಹಾಕ್ತಾ ಹೋಗ್ತಾರೆ. ಹಂಪಿಯ ಕಲ್ಲಿನ ರಥವನ್ನು ಯಾರಾದರೂ ನಟ್ಟನಡುವೆ ಇಟ್ಟು ತೆಗೆದು, ಅದು ಗಂಭೀರವಾಗಿ ಕಂಡರೆ, ಅದೇ ಸರಿ. 'ಇದು ತಪ್ಪು' ಮತ್ತು 'ನಾನಾಗಿದ್ರೆ ಹೀಗೆ ಮಾಡ್ತಿದ್ದೆ' ಇವೆರಡನ್ನು ಬೇರೆ ಬೇರೆ ಹೇಳೋದು ಒಳ್ಳೇದು. ಇನ್ನೊಂದು, ಫೋಟೋದಲ್ಲಿರೋ ಮನುಷ್ಯರ ಬಗ್ಗೆ ಮಾತಿಲ್ಲ. ಅಮ್ಮನ ಫೋಟೋ ತಂದವಳ ಮುಂದೆ "ಆಂಟಿ ಯಾಕೋ ಡಲ್ಲಾಗಿದ್ದಾರೆ" ಅನ್ನೋದು ಅಭಿಪ್ರಾಯ ಅಲ್ಲ. ಮಾತು ಬೆಳಕಿನ ಬಗ್ಗೆ, ಜಾಗದ ಬಗ್ಗೆ, ಹೊತ್ತಿನ ಬಗ್ಗೆ ಇರಲಿ.

ಒಟ್ಟಿಗೆ ಕೂತು ಫೋಟೋ ನೋಡೋದು ನಾವು ಕಂಡುಹಿಡಿದ ವಿಷಯವಲ್ಲ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಆಗ ಒಂದು ರೀಲಿಗೆ 36 ಫೋಟೋ, ತೊಳೆಸಿ ತರೋವರೆಗೆ ಏನು ಬಂದಿದೆ ಅಂತಲೇ ಗೊತ್ತಿಲ್ಲ. ನಮಗೆ ಅದೇ ಕ್ಷಣದಲ್ಲಿ ಕಾಣುತ್ತೆ, ಸಾವಿರ ತೆಗೆದರೂ ಖರ್ಚಿಲ್ಲ. ಆದರೆ ಸಾವಿರದಲ್ಲಿ ಒಂದನ್ನಾದರೂ ಕೂತು ನೋಡೋರು ಬೇಕಲ್ಲ.

"ನಾವೇನು ಫೋಟೋಗ್ರಾಫರ್ ಆಗ್ತೀವಾ, ಇಷ್ಟೆಲ್ಲ ಯಾಕೆ?" ಅಂತ ಕೆಲವರು ಕೇಳ್ತಾರೆ. ಆಗಲ್ಲ, ಬಹುಶಃ ನಮ್ಮಲ್ಲಿ ಯಾರೂ ಆಗಲ್ಲ. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತೆ ನೋಡಿ. ಹಿರಿಯರೊಬ್ಬರು ತೀರಿಹೋದ ದಿನ ಗೋಡೆಗೆ ಹಾಕೋಕೆ ಫೋಟೋ ಹುಡುಕ್ತಾರೆ. ಯಾರದೋ ಮದುವೆ ಆಲ್ಬಮ್ಮಿನ ಮೂಲೆಯಿಂದ, ಇಲ್ಲಾ ಆಧಾರ್ ಕಾರ್ಡಿನಿಂದ ಮುಖ ಕತ್ತರಿಸಿ ದೊಡ್ಡದು ಮಾಡಿಸ್ತಾರೆ. ಅಜ್ಜ ನೇಯ್ತಿದ್ದರು, ಅಜ್ಜಿ ರೊಟ್ಟಿ ಬಡೀತಿದ್ದರು ಅನ್ನೋದು ಆ ಫೋಟೋದಲ್ಲಿ ಇರಲ್ಲ. ಅವರನ್ನು ಅವರ ಹಾಗೇ ತೆಗೆಯೋಕೆ ಯಾವ ಸ್ಟುಡಿಯೋದವರೂ ಮನೆಗೆ ಬರಲ್ಲ. ಫೋನು ಕೈಯಲ್ಲಿರೋ ನಾವೇ ತೆಗೀಬೇಕು. ನಮ್ಮಲ್ಲಿ ಒಬ್ಬರು 'ನನಗೆ ಬರಲ್ಲ' ಅಂತ ಕೈಬಿಟ್ಟರೂ ಒಂದು ಮನೆಯ ಫೋಟೋಗಳು ಇಲ್ಲದೇ ಹೋಗುತ್ತವೆ.

ಅದಕ್ಕೇ ಇಷ್ಟು ಕೇಳ್ಕೋತೀವಿ. ಮುಂದೆ ಯಾರಾದ್ರೂ ಫೋನು ಮುಂದೆ ಹಿಡಿದು "ಹೆಂಗಿದೆ?" ಅಂದ್ರೆ ಹತ್ತು ಸೆಕೆಂಡು ಸುಮ್ಮನೆ ನೋಡಿ. ಕಣ್ಣು ಎಲ್ಲಿಗೆ ಹೋಯ್ತೋ ಅದನ್ನು ಹೇಳಿ. ಬೇಕಿದ್ರೆ ಕೊನೆಗೆ 'ಸೂಪರ್ ಮಗಾ' ಅಂತಲೂ ಸೇರಿಸಿ, ಬೇಡ ಅಂದೋರು ಯಾರು? ಇನ್ನು ಶನಿವಾರಕ್ಕೆ ಬರೋರು ನಿಮ್ಮ ಒಳ್ಳೇ ಫೋಟೋ ಜೊತೆಗೆ ಸರಿ ಬರದೇ ಇರೋದೊಂದನ್ನೂ ತನ್ನಿ. ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲಾಂದ್ರೆ ಅದು ಫೋಟೋವನ್ನು ಕುಗ್ಗಿಸಿಬಿಡುತ್ತೆ. ಆಮೇಲೆ ಪ್ರೊಜೆಕ್ಟರಿನಲ್ಲಿ ಮಸುಕಾಗಿ ಕಂಡರೆ ನಮ್ಮನ್ನ ಬೈಬೇಡಿ.