ಅತ್ತಿಯವ್ರ ತವರಿನ ಡಬ್ಬಿ

ಡಬ್ಬಿ ಅಂದಕೂಡ್ಲೆ ನಿಮಗೆಲ್ಲಾ ಶೇಂಗಾ ಹಿಂಡಿ ಡಬ್ಬಿ, ಅವಲಕ್ಕಿ ಡಬ್ಬಿ ಕಣ್ಮುಂದ ಬರ್ತಾವ. ನಮ್ಮ ಮನ್ಯಾಗ ಈಗ ಒಂದೂವರಿ ವರ್ಷ ಆತು, ಡಬ್ಬಿ ಅಂದ್ರ ರೈಲ್ವೆ ಡಬ್ಬಿ. ಅದೂ ಎಷ್ಟ ದೊಡ್ಡದಂತೀರಿ? ನನ್ನ ಮೊಬೈಲಿಗಿಂತ ತುಸು ಸಣ್ಣದು. ಬಂದವ್ರೆಲ್ಲಾ "ಮೊಮ್ಮಗಗ ತಂದೀರೇನ್ರಿ?" ಅಂತ ಕೇಳ್ತಾರ. ಮೊಮ್ಮಗಗ ಅದನ್ನ ಮುಟ್ಟಲಿಕ್ಕೂ ಬಿಡಂಗಿಲ್ಲಾ ನಮ್ಮ ಮನಿಯವ್ರು. ಎದರ ಮನಿ ವೈನಿಯಂತೂ ಒಂದಿನ, "ರಿಟೈರ್ ಆದಮ್ಯಾಲ ಆಟಗಿ ಸಾಮಾನಿನ ಅಂಗಡಿ ಹಾಕ್ಲಿಕತ್ತಾರೇನು?" ಅಂತ ಕೇಳೇ ಬಿಟ್ರು. ಅವ್ರಿಗೂ ನಿಮಗೂ ಒಮ್ಮೆ ಸಾವಕಾಶ ಹೇಳಿಬಿಡ್ತೀನಿ.

ನಮ್ಮ ಅತ್ತಿಯವ್ರ ತವರು ಜತ್ತ ತಾಲೂಕಿನ ಒಂದು ಹಳ್ಳಿ. ಸಾಂಗ್ಲಿ ಜಿಲ್ಲಾ, ಮಹಾರಾಷ್ಟ್ರ. ಆದ್ರ ಊರಾಗ ಆಡೂ ಮಾತು ಕನ್ನಡ. ಮದಿವ್ಯಾಗಿ ಧಾರವಾಡಕ್ಕ ಬಂದಮ್ಯಾಲ ಅವ್ರು ತವರಿಗೆ ಹೋಗಬೇಕಂದ್ರ, ಮೊದಲ ಮೀಟರ್ ಗೇಜಿನ ಗಾಡಿ ಹತ್ತಿ ಮೀರಜಕ್ಕ ಹೋಗೂದು, ಅಲ್ಲಿ ಇಳದು ಗಂಟು ಹೊತಗೊಂಡು ಇನ್ನೊಂದ ಕಡೆ ನಿಂತಿರೂ ಸಣ್ಣ ಗಾಡಿ ಹತ್ತೂದು. ಅದು ಕವಠೇ ಮಹಾಂಕಾಳ, ಢಾಲಗಾಂವ ದಾಟಿ ಜತ್ತ ರೋಡ್ ಸ್ಟೇಶನ್ನಿಗೆ ಬರೂದು. ಅಲ್ಲಿಂದ ಚಕ್ಕಡಿ. ಅದೇ ಗಾಡಿ ಮುಂದ ಸಾಂಗೋಲಾ ಮ್ಯಾಲ ಹಾಸಿ ಪಂಢರಪುರಕ್ಕ ಹೋಗ್ತಿತ್ತು. ಹಿಂಗಾಗಿ ನಮ್ಮ ಕಡೆ ಹಿರೇ ಹೆಣ್ಣಮಕ್ಕಳು ಎಷ್ಟೋ ಮಂದಿ ವಿಠ್ಠಲನ ದರ್ಶನಕ್ಕ ಅದರಾಗೇ ಹೋಗಿ ಬಂದಾರ. ನಿಮ್ಮ ಮನ್ಯಾಗ ಎಂಬತ್ತು ದಾಟಿದವ್ರು ಇದ್ರ ಕೇಳಿ ನೋಡ್ರಿ.

ಅದರ ಹೆಸರು ಬಾರ್ಶಿ ಲೈಟ್ ರೈಲ್ವೆ. ಎರಡು ಹಳಿ ನಡುವ ಎರಡೂವರಿ ಫೂಟು, ಅಂದ್ರ 762 ಮಿಲಿಮೀಟರ್. 1897ರಾಗ ಕುರ್ಡುವಾಡಿಯಿಂದ ಬಾರ್ಶಿ ಊರಿನ ತನಕ ಶುರು ಆತು, 1906ಕ್ಕ ಪಂಢರಪುರ ಮುಟ್ಟಿತು, 1911ಕ್ಕ ಲಾತೂರು, 1927ಕ್ಕ ಮೀರಜ. ಎವರಾರ್ಡ್ ಕ್ಯಾಲ್‌ತ್ರಾಪ್ ಅನ್ನೂ ಇಂಗ್ಲಿಷ್ ಎಂಜಿನಿಯರ್ ಕಟ್ಟಿಸಿದ್ದು. ಒಂದೊಂದ ಗಾಲಿ ಅಚ್ಚಿನ ಮ್ಯಾಲ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಅಂತ ಲೆಕ್ಕಾ ಹಾಕಿ, ಹಗರ ಹಳಿ ಮ್ಯಾಲೇ ಅಷ್ಟು ಮಂದಿನ್ನ, ಅಷ್ಟು ಮಾಲು ಹೊರಸಿದಾ. ಅದೇ ಮನಶ್ಯಾ ಮುಂದ ವಿಮಾನದಿಂದ ಜಿಗ್ಯೂ ಪ್ಯಾರಾಶೂಟ್ ಮಾಡೂದರ ಬೆನ್ನ ಹತ್ತಿದಾ. ಗಂಡಸರ ತಲಿ ಒಂದ ಕಡೆ ನಿಲ್ಲಂಗಿಲ್ಲ ಬಿಡ್ರಿ. 1954ರಾಗ ಸರಕಾರ ಅದನ್ನ ಖರೀದಿ ಮಾಡಿ ಸೆಂಟ್ರಲ್ ರೈಲ್ವೆಕ್ಕ ಕೂಡಿಸಿತು. ಒಂದು ಕಾಲಕ್ಕ ಮೀರಜ ಸ್ಟೇಶನ್ನದಾಗ ದೊಡ್ಡದು, ನಡಕಿಂದು, ಸಣ್ಣದು, ಮೂರೂ ಗೇಜಿನ ಗಾಡಿ ನಿಲ್ತಿದ್ವು. ಈಗ ಎಲ್ಲಾ ದೊಡ್ಡ ಗೇಜು ಆಗ್ಯಾವ, ಸಣ್ಣ ಹಳಿ ಕಿತ್ತ ಹೋಗ್ಯಾವ.

ಇಷ್ಟೆಲ್ಲಾ ನನಗ ಹೆಂಗ ಗೊತ್ತಂದ್ರ, ದಿನಾ ಎರಡು ಹೊತ್ತು ಚಹಾದ ಜೋಡಿ ಕೇಳಿದ್ದು.

ಇವರು ಬ್ಯಾಂಕಿನಿಂದ ರಿಟೈರ್ ಆದ ವರ್ಷನೇ ಅತ್ತಿಯವ್ರಿಗೆ ಗ್ಲಾಕೋಮಾ ಅಂತ ಗೊತ್ತಾತು. ಗೊತ್ತಾಗೂದ್ರಾಗ ಎಡಗಣ್ಣು ಹೋಗಿತ್ತು. ಹೋದ ದೃಷ್ಟಿ ತಿರಗಿ ಬರಂಗಿಲ್ಲಾ, ಇದ್ದದ್ದನ್ನ ಹನಿ ಹಾಕಿ ಉಳಿಸಿಕೋಬೇಕು ಅಂದ್ರು ಡಾಕ್ಟರು. ಅವತ್ತ ರಾತ್ರಿ ಊಟಕ್ಕ ಕೂತಾಗ ಅತ್ತಿಯವ್ರು, "ಇನ್ನೊಮ್ಮೆ ಜತ್ತ ರೋಡ್ ಗಾಡಿ ನೋಡಬೇಕಂತ ಮನಸಿತ್ತು. ಗಾಡೀನೇ ಇಲ್ಲಾ, ಈಗ ಕಣ್ಣೂ ಇಲ್ಲಾ" ಅಂತ ಹೇಳಿ ನಕ್ಕು ಬಿಟ್ರು. ಇವರು ನಗಲಿಲ್ಲಾ. ಮರುದಿನದಿಂದ ಹುಡುಕಲಿಕ್ಕೆ ಹತ್ತಿದ್ರು.

ಅಂಗಡ್ಯಾಗ ತಯಾರ ಸಿಗೂ ಮಾಡೆಲ್ಲಿನೊಳಗ ಬಾರ್ಶಿ ಡಬ್ಬಿ ಇವ್ರಿಗೆ ಸಿಗಲಿಲ್ಲಾ. ಆದ್ರ ಆಸ್ಟ್ರಿಯಾ ದೇಶದ ಗುಡ್ಡದ ಕಡೆ ಓಡೂ ಸಣ್ಣ ರೈಲಿನ ಗೇಜು 760 ಮಿಲಿಮೀಟರ್. ನಮ್ಮದಕ್ಕೂ ಅದಕ್ಕೂ ಎರಡ ಮಿಲಿಮೀಟರ್ ಫರಕು, ಅಷ್ಟ. ಆ ರೈಲಿನ ಮಾಡೆಲ್ ಆ ಕಡೆ ಸಿಗ್ತಾವ, ಖರೇ ಡಬ್ಬಿಯ 87ನೇ ಒಂದು ಪಾಲಿನಷ್ಟು. 762ನ್ನ 87ರಿಂದ ಭಾಗಸಿದ್ರ 8.76 ಬರ್ತದ; ಮಾಡೆಲ್ ಹಳಿ 9 ಮಿಲಿಮೀಟರ್ ಅಗಲ. ಲೆಕ್ಕಾ ಕೂಡಿತು. ಜರ್ಮನಿಯೊಳಗ ಇರೋ ನಮ್ಮ ಮೈದುನನ ಮಗಾ ಹಳೇವು ಎರಡು ಡಬ್ಬಿ ತೊಗೊಂಡು, ಬರೂಮುಂದ ಬನಿಯನ್ನಿನಾಗ ಸುತ್ತಿ ತಂದಾ. ಒಂದೊಂದಕ್ಕ ಮೂವತ್ತು ಯೂರೋ ಅಂತ ಕೇಳಿದಾಗ ನನ್ನ ಕೈಯಾಗಿನ ಲಟ್ಟಣಿಗಿ ಹಂಗೇ ನಿಂತಿತು. ಅಷ್ಟು ರೊಕ್ಕಾ ಕೊಟ್ಟು ತಂದದ್ದನ್ನ ಇವರು ಮೊದಲ ಏನು ಮಾಡಿದ್ರು ಗೊತ್ತೇನು? ಗರಗಸ ಹಚ್ಚಿ ಕೊಯ್ದ್ರು!

ಕೊಯ್ಯಲಾರದ ಗತಿ ಇಲ್ಲಂತ. ಆ ಡಬ್ಬಿಗೆ ಎರಡೂ ತುದಿಗೆ ಕಟಾಂಜನ ಇರೋ ಬಯಲ ಕಟ್ಟಿ ಅದ, ನಮ್ಮ ಹಳೇ ಮನಿ ಕಟ್ಟಿ ಇದ್ದಂಗ. ಮಂದಿ ಅಲ್ಲಿಂದ ಹತ್ತೂದು. ಅತ್ತಿಯವ್ರ ಡಬ್ಬಿಗೆ ಬಾಗಲಾ ಮಗ್ಗಲಿಗೆ. ಹಿಂಗಾಗಿ ಕಟ್ಟಿ ಕಡದು, ಅಲ್ಲಿ ತೆಳ್ಳಗ ಪ್ಲಾಸ್ಟಿಕ್ ಹಾಳಿ ಕೂಡಿಸಿ ಗ್ವಾಡಿ ಮಾಡಿ, ಮಗ್ಗಲಿಗೆ ಬಾಗಲಾ ಕೊರದ್ರು. ಅಲ್ಲಿ ಹಿಮಾ ಬೀಳ್ತದ, ಕಿಟಕಿ ತುಂಬ ಗಾಜು. ಜತ್ತದ ಬಿಸಲಿಗೆ ಗಾಜು ಯಾಕ, ಗಾಳಿ ಬೇಕು, ಅಡ್ಡ ಸಳಿ ಬೇಕು. ಗಾಜು ತಗದು ಒಗದ್ರು, ದೊಡ್ಡ ಕಿಟಕಿಗೆ ಪಟ್ಟಿ ಹಚ್ಚಿ ಸಣ್ಣ ಮಾಡಿದ್ರು. ಗಾಲಿ, ಕೆಳಗಿನ ಸಾಟಿ, ನಡಕ ಇರೋ ಒಂದೇ ಬಫರ್ ಅಷ್ಟ ಹಂಗೇ ಉಳಿಸಿಕೊಂಡ್ರು. ನಾವು ದೊಡ್ಡ ಪರಕಾರ ಬಿಚ್ಚಿ ಮಗಳಿಗೆ ಹೊಲಿಯೂದಿಲ್ಲೇನು, ಹಂಗ. ಹೊಸಾ ಅರಬಿ ಕತ್ತರಿಸೂದಕ್ಕಿಂತ ಇದ್ದದ್ದನ್ನ ಬಿಚ್ಚಿ ಹೊಲಿಯೂದೇ ತ್ರಾಸು.

ಈಗ ನನ್ನ ಅಡಿಗಿಮನಿ ಸಂಕಟಾ ಕೇಳ್ರಿ. ಸಂದಿ ತುಂಬಲಿಕ್ಕೆ ಅಡಿಗಿ ಸೋಡಾ ಬೇಕು. ಸಂದಿಯೊಳಗ ಸೋಡಾ ಉದರಿಸಿ ಮ್ಯಾಲ ಒಂದು ಹನಿ ಫೆವಿಕ್ವಿಕ್ ಬಿಟ್ರ ಚಟ್ಟನ ಕಲ್ಲಾಗ್ತದ. ಆಮ್ಯಾಲ ಪಾಲಿಶ್ ಕಾಗದ ತಿಕ್ಕಿ ಸಪಾಟ ಮಾಡೂದು. ಖರೇನ ಛಲೋ ಉಪಾಯ, ನನ್ನ ಮಿಕ್ಸರಿನ ಒಡದ ಹಿಡಿಕಿನೂ ಹಂಗೇ ಜೋಡಿಸಿಕೊಟ್ರು. ಆದ್ರ ಮೂಗು ದೂರ ಇಟಕೊಳ್ರಿ, ಹೊಗಿ ಬರ್ತದ, ಬಿಸಿನೂ ಆಗ್ತದ. ಹಳೇ ಬಣ್ಣಾ ತಗಿಲಿಕ್ಕೆ ನನ್ನ ನೇಲ್ ಪಾಲಿಶ್ ರಿಮೂವರ್ ಕೊಡ್ಲೇನು ಅಂದೆ. "ಏ, ಅದರಾಗ ಪ್ಲಾಸ್ಟಿಕ್ಕೇ ಕರಗಿ ಹೋಗ್ತದ" ಅಂತ ಗಾಬರಿ ಆದ್ರು. ಐಸೋಪ್ರೊಪೈಲ್ ಆಲ್ಕೋಹಾಲಿನಾಗ ನೆನಸಿಟ್ಟು ಹಳೇ ಹಲ್ಲಿನ ಬ್ರಶ್‌ಲೆ ತಿಕ್ಕಿದ್ರು. ಛತ್ತಿನ ಮ್ಯಾಲ ಚಹಾ ಸೋಸೂ ಕಾಗದಿದ್ದಂಥಾ ತೆಳ್ಳನ ಹಾಳಿ ಅಂಟಿಸಿದ್ರು, ಕ್ಯಾನ್ವಾಸ್ ಎಳದ ಬಿಗದಂಗ ಕಾಣ್ಲಿ ಅಂತ. ಬಣ್ಣಾ ಹೊಡಿಲಿಕ್ಕೆ ಮಾಳಗಿ ಹತ್ತಿದಾಗಂತೂ ಜಗಳನೇ ಆತು. ನಾನು ಹಪ್ಪಳಾ ಒಣಾ ಹಾಕೇನಿ, ಇವರು ಗಾಳಿ ಯಾವ ಕಡೆ ಬೀಸ್ತದ ನೋಡಲಾರದ ಸ್ಪ್ರೇ ಹೊಡದ್ರು. ಎರಡು ಸಾಲು ಹಪ್ಪಳಾ ಕಾಚಿನ ಬಣ್ಣಾ ಆದ್ವು. ಅವನ್ನ ಒಗದು ಬಂದೆ, ಮಾತಾಡಲಿಲ್ಲಾ.

ಇಷ್ಟಾಗೂದ್ರಾಗ ಎಂಟು ತಿಂಗಳು ಹಿಡೀತು. ಅಷ್ಟರಾಗ ಅತ್ತಿಯವ್ರ ಬಲಗಣ್ಣೂ ಮಬ್ಬಾತು. ಕಿಟಕಿ ಬೆಳಕು ಯಾವ ಕಡೆ ಅದ ಅನ್ನೂದು ಅಷ್ಟ ತಿಳೀತದ ಈಗ. ಡಬ್ಬಿ ಮುಗಿದ ದಿನ ಇವರು ಅದನ್ನ ಅಂಗೈಯಾಗ ಹಿಡಕೊಂಡು ನಡಮನ್ಯಾಗ ಸುಮ್ನ ನಿಂತಿದ್ರು. ನಾನೇ ತೊಗೊಂಡು ಅತ್ತಿಯವ್ರ ಉಡ್ಯಾಗ ಇಟ್ಟೆ. "ನಿಮ್ಮ ಜತ್ತ ರೋಡ್ ಗಾಡಿ ನೋಡ್ರಿ" ಅಂದೆ.

ಅವ್ರು ಸೆರಗಿಗೆ ಕೈ ಒರಸಿಕೊಂಡು ನಿಧಾನಕ ಬಳ್ಳು ಆಡಿಸಿದ್ರು. ಛತ್ತು ಮುಟ್ಟಿದ್ರು, ಬಾಗಲಾ ಮುಟ್ಟಿದ್ರು, ಕಿಟಕಿ ಎಣಿಸಿದ್ರು. ಆಮ್ಯಾಲ ಹುಬ್ಬ ಗಂಟ ಹಾಕಿ, "ಏನೋ ಇದು, ಕಿಟಕಿಗೆ ಜಾಳಗಿ ಬಡದಿಯೇನು? ಇದರಾಗ ರೊಟ್ಟಿ ಹೆಂಗ ಹೋಗಬೇಕು?" ಅಂದ್ರು.

ರೊಟ್ಟಿ ಯಾಕ ಹೋಗಬೇಕು ಅಂತ ನಮಗಿಬ್ಬರಿಗೂ ತಿಳೀಲಿಲ್ಲಾ. ಆಗ ಹೇಳಿದ್ರು ನೋಡ್ರಿ. ನಾನು ಈ ಮನಿಗೆ ಬಂದು ಮೂವತ್ತೈದು ವರ್ಷ ಆತು, ಒಮ್ಮೆನೂ ಹೇಳಿದ್ದಿಲ್ಲಾ. ನಮ್ಮ ಮನಿಯವ್ರ ಬಾಣಂತನ ಮುಗಿಸಿಕೊಂಡು ಕೂಸಿನ ಜೋಡಿ ಧಾರವಾಡಕ್ಕ ಹೊಂಟಿದ್ರಂತ. ಕಾರ್ತಿಕ ಏಕಾದಶಿ ಮುಗಿದು ಪಂಢರಪುರದಿಂದ ತಿರಗಿ ಬರೂ ಮಂದಿ ಗಾಡಿ ತುಂಬ. ಹೆಂಗೋ ಒಳಗ ಹೊಕ್ಕು ಕಿಟಕಿ ಹತ್ರ ಕೂತಾರ. ಅವ್ರ ಅವ್ವ ಕೆಳಗ ನಿಂತಾಳ, ಕೈಯಾಗ ಬುತ್ತಿ ಗಂಟು. ಬಾಗಲದಾಗ ಕಾಲಿಡಲಿಕ್ಕೆ ಜಾಗಾ ಇಲ್ಲಾ. ಗಂಟು ಸಳಿಯೊಳಗ ತೂರಂಗಿಲ್ಲಾ. ಆಕಿ ಅಲ್ಲೇ ಕೂತು ಗಂಟು ಬಿಚ್ಚಿ, ಖಟಕ ರೊಟ್ಟಿ ಒಂದೊಂದೇ ಅಡ್ಡ ಹಿಡದು ಸಳಿ ನಡುವ ಒಳಗ ಕೊಟ್ಲಂತ. ಒಂದೂ ಮುರೀಲಿಲ್ಲಂತ. ಗಾಡಿ ಬಿಟ್ಟಾಗ ಆಕಿ ಕೈಯಾಗ ಇನ್ನ ಎರಡು ರೊಟ್ಟಿ ಉಳದಿದ್ವು. ಎರಡು ಹೆಜ್ಜಿ ಓಡಿ ಬಂದ್ಲು, ನಿಂತ್ಲು. ಮುಂದಿನ ಯುಗಾದಿ ಆಕಿ ಕಾಣಲಿಲ್ಲಾ.

"ನೀ ಉಡ್ಯಾಗ ಮಲಗಿದ್ದಿ, ನಿನ್ನ ಮ್ಯಾಲೇ ಇಟಕೊಂಡೆ ರೊಟ್ಟಿ" ಅಂದ್ರು ಮಗಗ.

ಇವರು ಒಳಗ ಹೋಗಿ ದೀಪಾ ಹಚ್ಚಿಕೊಂಡು ಕೂತ್ರು. ಅರ್ಧ ಮಿಲಿಮೀಟರ್ ಫರಕು ಬಂದ್ರ ನಿದ್ದಿ ಮಾಡದ ಮನಶ್ಯಾ, ನನ್ನ ಜೋಡಿ ಅಳತಿಪಟ್ಟಿ ಬಗ್ಗೆ ವಾದಾ ಮಾಡೂ ಮನಶ್ಯಾ, ಮೂರು ವಾರ ಕೂತು ಹಚ್ಚಿದ್ದ ಸಳಿಯೆಲ್ಲಾ ಚಿಮಟಾ ಹಿಡದು ಕಿತ್ತು ಹಾಕಿದ್ರು. ಲೆಕ್ಕದ ಪ್ರಕಾರ ಅವು ಸರಿಯೇ ಇದ್ವು. ಖರೇ ಸಳಿ ಅರ್ಧ ಇಂಚು ದಪ್ಪ ಇದ್ರ ಮಾಡೆಲ್ಲಿನಾಗ 0.15 ಮಿಲಿಮೀಟರೂ ಬರಂಗಿಲ್ಲಾ, ಸಳಿ ಸಳಿ ನಡುವ ಒಂದು ಮಿಲಿಮೀಟರು ಅಷ್ಟ. ಅಷ್ಟ ಸಣ್ಣದು ಬಳ್ಳಿಗೆ ಬ್ಯಾರೆ ಬ್ಯಾರೆ ಅಂತ ಹತ್ತಂಗಿಲ್ಲಾ, ಜಾಳಗಿನೇ ಅನಸ್ತದ. ಈಗ ದಪ್ಪನ ತಾಮ್ರದ ತಂತಿ ತಂದು ಕಿಟಕಿಗೆ ಎರಡೆರಡೇ ಸಳಿ, ದೂರ ದೂರ ಹಚ್ಯಾರ. ನೋಡಿದವ್ರಿಗೆ ಒಡ್ಡಒಡ್ಡ ಕಾಣ್ತದ. ಇಂಥಾ ಹವ್ಯಾಸ ಇರೋ ಇವ್ರ ಗೆಳ್ಯಾರೊಬ್ರು ಬಂದವ್ರು "ಸಳಿ ಸ್ಕೇಲಿಗೆ ಇಲ್ಲಲ್ರಿ" ಅಂದ್ರು. ಇವರು ಹೌದ್ರಿ ಅಂದು ಚಹಾ ಕೊಟ್ಟು ಕಳಿಸಿದ್ರು. ಎರಡನೇ ಡಬ್ಬಿಗೆ ಮಾತ್ರ ಸ್ಕೇಲಿನ ಸಳಿನೇ ಹಾಕ್ಲಿಕತ್ತಾರ, ಅದು ಇವ್ರ ಸಮಾಧಾನಕ್ಕ.

ಅತ್ತಿಯವ್ರು ಈಗ ಮಧ್ಯಾಹ್ನ ಊಟಾ ಆದಮ್ಯಾಲ ಅದನ್ನ ಕೇಳಿ ಇಸಕೋತಾರ. ಮೂರನೇ ಕಿಟಕಿಗೆ ಬಂದು ಬಳ್ಳು ನಿಲ್ತದ. ಹೋದ ವಾರ ನನ್ನ ಕರದು, "ಕೆಳಗ ಒಬ್ಬಾಕಿನ್ನ ನಿಲ್ಲಸ್ರೆ" ಅಂದ್ರು.

ಐದು ಫೂಟಿನ ಹೆಣ್ಣಮಗಳು ಈ ಲೆಕ್ಕದಾಗ ಹದಿನೇಳೂವರಿ ಮಿಲಿಮೀಟರ್, ಒಂದು ಶೇಂಗಾ ಬೀಜಕ್ಕಿಂತ ತುಸು ಎತ್ತರ. ತಯಾರ ಸಿಗೂ ಗೊಂಬಿಯೆಲ್ಲಾ ಕೋಟು, ಟೊಪಗಿ ಹಾಕ್ಕೊಂಡಾವ. ಒಂದರ ಟೊಪಗಿ ಇವರು ಬ್ಲೇಡಿನಿಂದ ಹೆರದು ಕೊಟ್ರು. ಸೀರಿ ಉಡಿಸೂ ಕೆಲಸಾ ನಂದು. ಟಿಶ್ಯೂ ಹಾಳಿ ಕತ್ತರಿಸಿ, ಫೆವಿಕಾಲ್ ನೀರಾಗ ಅದ್ದಿ, ಸೂಜಿ ತುದೀಲೆ ನಿರಗಿ ಹಿಡೀತೀನಿ. ಒಂಬತ್ತು ವಾರಿ ಕಚ್ಚಿ ಹಾಕೂದು ಮೂರು ಸಲ ಹರೀತು, ನಾಕನೇದ್ದಕ್ಕ ಕೂತಿತು. ತಲಿ ಮ್ಯಾಲ ಸೆರಗೂ ಬಂತು. ಯಾವ ಬಣ್ಣಾ ಅಂತ ಕೇಳಿದ್ದಕ್ಕ ಅತ್ತಿಯವ್ರು ಥಟ್ಟನ, "ಹಸರು ಇಳಕಲ್ಲು, ಕೆಂಪು ಸೆರಗು" ಅಂದ್ರು. ಹಸರು ಹಚ್ಚೇನಿ. ಸೆರಗಿನ ತೆನಿ ತಗಿಯೂದು ಬಾಕಿ ಅದ, ಅಷ್ಟ ಸಣ್ಣ ಕುಂಚ ಇಲ್ಲಿ ಸಿಗವಲ್ದು. ನಿಮ್ಮೊಳಗ ಯಾರರೆ ಹುಬ್ಬಳ್ಳಿಗೆ ಹೊಂಟ್ರ ನಂಗ ಒಂದು ಫೋನ್ ಮಾಡ್ರಿ, ಮೂರು ಸೊನ್ನಿ ನಂಬರಿನದು ಒಂದು ತರಬೇಕು. ಕೈಯಾಗ ಎರಡು ರೊಟ್ಟಿನೂ ಕೊಡಬೇಕಾಗೇದ, ಅವಕ್ಕ ಹಳೇ ಲಗ್ನಪತ್ರಿಕಿ ಕಾಗದಾ ನಡೀತದೋ ಏನೋ ನೋಡ್ಲಿಕತ್ತೇನಿ.