ಹಲ್ಲುಪಟ್ಟಿಯ ಪಾಠ

ನಮ್ಮ ಹಳೆಯ ಕಾರಿನ ಟೈಮಿಂಗ್ ಬೆಲ್ಟಿಗೆ ತಯಾರಕರು ವಿಧಿಸಿದ್ದ ಅವಧಿಯು ಮುಗಿದಿತ್ತು. ಕೂಲಿಯನ್ನುಳಿಸುವ ಆಸೆಯಿಂದ, ಅದನ್ನು ನಾವೇ ಬದಲಿಸುವೆವೆಂದು ಹಟತೊಟ್ಟು ಕೈಪಿಡಿಯನ್ನು ತೆರೆದೆವು. ಕ್ರ್ಯಾಂಕ್ ದಂಡವು 2 ಸುತ್ತು ತಿರುಗುವಾಗ ಕ್ಯಾಮ್ ದಂಡವು 1 ಸುತ್ತು ತಿರುಗಬೇಕು. ಈ ಲಯವನ್ನು ಕಾಯುವುದು ಹಲ್ಲುಳ್ಳ ಆ ರಬ್ಬರಿನ ಪಟ್ಟಿಯೇ. ಲಯ ಕೆಟ್ಟರೆ, ನಮ್ಮದರಂತಹ ಎಂಜಿನ್ನಿನಲ್ಲಿ ಪಿಸ್ಟನ್ನು ಬಡಿದು ವಾಲ್ವುಗಳು ಬಾಗುವುವು. 30 ವರ್ಷ ಛಂದಸ್ಸನ್ನು ಬೋಧಿಸಿದ ನಾವು ಮಾತ್ರಾಲೋಪವನ್ನು ಅರಿಯದವರೇ? ಆದರೆ ಪದ್ಯವನ್ನು ತಿದ್ದಿ ಓದಬಹುದು. ಬಾಗಿದ ವಾಲ್ವನ್ನು ತಿದ್ದಿ ನಡೆಸಲಾಗದು.

“ಮೊಮ್ಮಕ್ಕಳಿರುವಾಗ ಗಾಡಿ ನಡುದಾರಿಯಲ್ಲಿ ನಿಂತರೆ?” ಎಂದರು ನಮ್ಮ ಗೃಹಿಣಿ. ನಮ್ಮಲ್ಲಿ ಉತ್ತರವಿರಲಿಲ್ಲ. ಕೆಲಸ ಬಲ್ಲ ಮೇಸ್ತ್ರಿಗೆ ಗಾಡಿಯನ್ನೊಪ್ಪಿಸಿದೆವು. ಅವನಾದರೋ, ಪಟ್ಟಿಯನ್ನು ತೊಡಿಸಿ, ಎಂಜಿನ್ನನ್ನು ಕೈಯಿಂದಲೇ 2 ಸುತ್ತು ತಿರುಗಿಸಿ, ಗುರುತುಗಳನ್ನು ಮತ್ತೊಮ್ಮೆ ನೋಡಿದ ಬಳಿಕವೇ ಬೀಗದ ಕೈಯನ್ನು ಕೇಳಿದನು. ಬಲ್ಲವನೇ ಮರಳಿ ಪರೀಕ್ಷಿಸುತ್ತಿರಲು, ನಾವು ಶಿಷ್ಯರಂತೆ ಪಕ್ಕದಲ್ಲಿ ನಿಂತಿದ್ದೆವು.